ಭೂರಸಾಯನ ಅಂದರೆ ಗೊಬ್ಬರ ಅಲ್ಲ

"ಭೂರಸಾಯನ ಬೆರೆತ ನೀರು ಕುಡಿದು ಹಳ್ಳಿಗರ ಹಲ್ಲು ಹಾಳು." ಇಂಥ ಸಾಲು ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಎಷ್ಟನೇ ಸಲವೋ. ಭೂರಸಾಯನ ನೀರಿಗೆ ಬೆರೆಯುವ ವಸ್ತುವೇ ಅಲ್ಲ, ಅದೊಂದು ವಿಜ್ಞಾನ. ಯಾವ ಧಾತು ಯಾವ ಬಂಡೆಯಿಂದ ಹೊರಟು, ಯಾವ ನೀರು, ಯಾವ ಮಣ್ಣು ಸೇರುತ್ತದೆ ಅಂತ ಬೆನ್ನು ಹತ್ತುವ ಕೆಲಸ.

ತಪ್ಪಿನ ಬೇರು 'ರಸಾಯನ'ದಲ್ಲಿದೆ. ಬಾಳೆಹಣ್ಣಿನ ರಸಾಯನ ಗೊತ್ತೇ ಇದೆ. ಆಯುರ್ವೇದದಲ್ಲಿ ರಸಾಯನ ಅಂದರೆ ಮೈಗೆ ಕಸುವು ತುಂಬುವ ಮದ್ದು, ಚ್ಯವನಪ್ರಾಶದ ಥರ. ರಸಶಾಸ್ತ್ರದವರಿಗೆ ರಸ ಅಂದರೆ ಪಾದರಸ. ಆಮೇಲೆ ಶಾಲೆಗೆ ರಸಾಯನಶಾಸ್ತ್ರ ಬಂತು, ಹೊಲಕ್ಕೆ ರಾಸಾಯನಿಕ ಗೊಬ್ಬರ ಬಂತು. ಗೊಬ್ಬರ ಬಂದದ್ದೇ ಬಂದದ್ದು, ಉಳಿದ ಅರ್ಥಗಳೆಲ್ಲ ಹಿಂದೆ ಸರಿದವು. ಹಬ್ಬದೂಟದ ಎಲೆಯಲ್ಲಿದ್ದ ಪದಕ್ಕೆ ಈಗ ವಿಷದ ವಾಸನೆ. ಬೇಸರ ಆಗುತ್ತೆ, ಅಲ್ವಾ?

ಪದ ಬಿಡಿಸಿ ನೋಡಿ: ರಸ, ಅಯನ. ಅಯನ ಅಂದರೆ ನಡೆ, ದಾರಿ. ಉತ್ತರಾಯಣದಲ್ಲಿ ಇರುವುದೂ ಇದೇ ಅಯನ. ಹಾಗಾದರೆ ಭೂರಸಾಯನ ಅಂದರೆ ನೆಲದೊಳಗೆ ರಸ ನಡೆಯುವ ದಾರಿ. ಇದೇ ವಿಜ್ಞಾನಕ್ಕೆ ಜಿಯೋಕೆಮಿಸ್ಟ್ರಿ ಅನ್ನುವ ಹೆಸರನ್ನು 1838ರಲ್ಲಿ ಕೊಟ್ಟವರು ರಸಾಯನವಿಜ್ಞಾನಿ ಶೋನ್‌ಬೈನ್, ಓಝೋನ್ ಕಂಡುಹಿಡಿದವರು. ಆ ಹೆಸರಿನಲ್ಲಿ ದಾರಿಯ ಸುಳಿವಿಲ್ಲ. ನಮ್ಮ ಪದದಲ್ಲಿದೆ.

ಪಾವಗಡದ ಕಡೆಯ ಹಳ್ಳಿಯೊಂದಕ್ಕೆ ಪರಿಚಯದ ಪಿಎಚ್‌ಡಿ ವಿದ್ಯಾರ್ಥಿನಿಯ ಜೊತೆ ಹೋಗಿದ್ದೆ. ಕೊಳವೆಬಾವಿ ನೀರನ್ನು ಸ್ವಲ್ಪ ಹೊತ್ತು ಸುಮ್ನೆ ಹರಿಯಲು ಬಿಟ್ಟಳು. ಪೈಪಿನಲ್ಲಿ ನಿಂತ ನೀರು ಹೋಗಲಿ ಅಂತ. ಆಮೇಲೆ ಪ್ಲಾಸ್ಟಿಕ್ ಬಾಟಲಿಗೆ ತುಂಬಿಕೊಂಡಳು. ಅವಳು ಅಳೆಯುತ್ತಿದ್ದುದು ಫ್ಲೋರೈಡನ್ನು, ನೀರಿನಲ್ಲಿ ಜಾಸ್ತಿಯಾದರೆ ಹಲ್ಲು ಹಾಳುಮಾಡುವುದು ಅದೇ. ಗಾಜಿನದು ಆಗದು, ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ. ಎಂಎಸ್ಸಿಯಲ್ಲಿದ್ದಾಗ ಹಿರಿಯರೊಬ್ಬರು ಇದನ್ನೆಲ್ಲ ಅವಳ ಕೈ ಹಿಡಿದು ಕಲಿಸಿದ್ದರು. ಈಗ ಅವಳು ಶಾಲೆ ಮಕ್ಕಳಿಗೆ ಕಲಿಸುತ್ತಿದ್ದಾಳೆ.

ಮಕ್ಕಳು ಮನೆಯಿಂದ ನೀರು ತಂದಿದ್ದರು. ಅದಕ್ಕೆ ಕೆಂಪು ಬಣ್ಣದ ದ್ರಾವಣ ಹಾಕಬೇಕು. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಕೆಂಪು ಹಳದಿಗೆ ತಿರುಗುತ್ತದೆ. ಒಂದೊಂದೇ ಲೋಟ ಹಳದಿಯಾದಾಗ ಗಲಾಟೆ ನಿಂತುಹೋಯಿತು.

"ಅಪ್ಪ ಗೊಬ್ಬರ ಹಾಕೋದು ಬಿಟ್ರೆ ಸರಿಹೋಗುತ್ತಾ?" ಒಬ್ಬ ಹುಡುಗಿ ಕೇಳಿದಳು.

ಪದ ತಪ್ಪಾಗಿ ಬಳಸಿದರೆ ಆಗುವುದು ಇದೇ. ತಪ್ಪು ಅಪ್ಪನ ತಲೆಗೆ ಬರುತ್ತದೆ. ಅಲ್ಲಿನ ಫ್ಲೋರೈಡ್ ಮುಖ್ಯವಾಗಿ ಬಂದದ್ದು ಗ್ರಾನೈಟಿನಿಂದ. ರಾಮನಗರದಿಂದ ಉತ್ತರಕ್ಕೆ ಹಬ್ಬಿರುವ ಈ ಬಂಡೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು, ವಯಸ್ಸು ಸುಮಾರು 250 ಕೋಟಿ ವರ್ಷ. ಅದರಲ್ಲಿ ಮಿನುಗುವ ಕಪ್ಪು ಚುಕ್ಕೆ, ಅಂದರೆ ಬಯೊಟೈಟ್, ಫ್ಲೋರೈಡನ್ನು ಹಿಡಿದಿಟ್ಟುಕೊಂಡಿರುತ್ತದೆ. ನೀರು ಬಂಡೆಯ ಬಿರುಕಲ್ಲಿ ವರ್ಷಗಟ್ಟಲೆ ನಿಂತರೆ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಜಾಸ್ತಿ ಉಳಿಯುತ್ತದೆ. ಕುಡಿಯುವ ನೀರಿನ ಫ್ಲೋರೈಡಿಗೆ ಭಾರತದ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5.

ವಿದ್ಯಾರ್ಥಿನಿ ಆ ಹುಡುಗಿಯ ಅಂಗೈಗೆ ಗ್ರಾನೈಟ್ ಚೂರೊಂದನ್ನು ಇಟ್ಟು, ಕಪ್ಪು ಚುಕ್ಕೆಯನ್ನು ಉಗುರಿನಿಂದ ತೋರಿಸಿದಳು. "ಇದರಿಂದ ಬರೋದು. ಅಪ್ಪನಿಂದ ಅಲ್ಲ."

"ಕುದಿಸಿದ್ರೆ?"

"ಹೋಗಲ್ಲ. ನೀರು ಆವಿಯಾಗುತ್ತೆ, ಇದು ಉಳಿಯುತ್ತೆ. ಕುಡಿಯೋಕೆ ಮಳೆನೀರು ಹಿಡಿದಿಡಿ, ಇಲ್ಲಾ ಶುದ್ಧೀಕರಣ ಘಟಕದ್ದು ತನ್ನಿ."

ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. 'ಭೂರಸಾಯನ' ಅಂತ ತಲೆಬರಹ ಹಾಕಿ, ಕೆಳಗೆ ಬಂಡೆಯಿಂದ ಲೋಟದವರೆಗೆ ಒಂದು ಬಾಣದ ಗುರುತು ಎಳೆದಳು.