ಕೆಲಸ ನೀವೇ ಬಿಟ್ರಾ, ಅವರು ತೆಗೆದ್ರಾ? ನೂರು ವರ್ಷ ದಾಟಿದ ಒಂದು ಪ್ರಶ್ನೆ

ಅಮೆರಿಕದಲ್ಲಿ ಕೆಲಸ ಹೋದವರು ಅನ್‌ಎಂಪ್ಲಾಯ್‌ಮೆಂಟ್ ಬೆನಿಫಿಟ್‌ಗೆ, ಅಂದ್ರೆ ನಿರುದ್ಯೋಗ ಭತ್ಯೆಗೆ ಅಪ್ಲೈ ಮಾಡೋಕೆ ಕೂತ್ರೆ ಒಂದು ಪ್ರಶ್ನೆ ಬಂದೇ ಬರುತ್ತೆ, ಕೆಲಸ ಯಾಕೆ ಮುಗೀತು ಅಂತ. ಲೇಆಫ್ ಅಂದ್ರೆ ಹೆಚ್ಚು ತಕರಾರಿಲ್ಲ. ತೆಗೆದು ಹಾಕಿದ್ರು ಅಂದ್ರೆ ನಿಮ್ಮದೇನು ತಪ್ಪಿತ್ತು ಅಂತ ವಿಚಾರಿಸ್ತಾರೆ, ಆದ್ರೆ ಆ ತಪ್ಪನ್ನ ತೋರಿಸಿಕೊಡಬೇಕಾದ್ದು ಕಂಪನಿ. ನಾನೇ ಬಿಟ್ಟೆ ಅಂತ ಬರೆದ್ರೆ ಮಾತ್ರ ಎಲ್ಲಾ ಉಲ್ಟಾ ಆಗುತ್ತೆ, ಬಿಡೋಕೆ ಸರಿಯಾದ ಕಾರಣ ಇತ್ತು ಅಂತ ಸಾಬೀತು ಮಾಡೋ ಭಾರ ಬಿಟ್ಟವರ ತಲೆ ಮೇಲೆ ಬೀಳುತ್ತೆ. ಇದು ಗೊತ್ತಿಲ್ಲದೆ, ನೀವೇ ರಿಸೈನ್ ಮಾಡಿಬಿಡಿ ರೆಕಾರ್ಡ್ ಕ್ಲೀನ್ ಇರುತ್ತೆ ಅಂತ ಮ್ಯಾನೇಜರ್ ಹೇಳಿದ ಕೂಡಲೇ ಸೈನ್ ಹಾಕಿ ಬಂದುಬಿಡ್ತಾರೆ ಜನ, ಆಮೇಲೆ ಭತ್ಯೆ ಇಲ್ಲ ಅಂತ ಮನೆಗೆ ಲೆಟರ್ ಬಂದಾಗ ಎದೆ ಒಡೆಯುತ್ತೆ.

ಈ ಪ್ರಶ್ನೆ ಹುಟ್ಟಿದ್ದು ಅಮೆರಿಕದಲ್ಲಿ ಅಲ್ಲ. ಎಲ್ಲಿಂದ ಬಂತು, ಯಾಕೆ ಇಷ್ಟು ಬಿಗಿ ಆಯ್ತು ಅಂತ ತಿಳ್ಕೊಂಡ್ರೆ ಇವತ್ತಿನ ನಿಯಮಗಳು ಯಾಕೆ ಹೀಗಿವೆ ಅನ್ನೋದು ಅರ್ಥ ಆಗುತ್ತೆ.

ಬ್ರಿಟನ್‌ನಲ್ಲಿ 1911ರಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಆಕ್ಟ್ ಬಂತು. ಅದರ ಎರಡನೇ ಭಾಗದಲ್ಲಿದ್ದದ್ದು ನಿರುದ್ಯೋಗ ವಿಮೆ, ಇಡೀ ದೇಶಕ್ಕೆ ಅನ್ವಯ ಆಗೋ ಕಡ್ಡಾಯ ಯೋಜನೆಗಳಲ್ಲಿ ಅದೇ ಮೊದಲನೆಯದು. ಎಲ್ಲರಿಗೂ ಇರಲಿಲ್ಲ, ಕಟ್ಟಡ ಕೆಲಸ, ಹಡಗು ಕಟ್ಟೋದು, ಎಂಜಿನಿಯರಿಂಗ್, ಎರಕದ ಕೆಲಸ ಹೀಗೆ ಕೆಲವೇ ಉದ್ಯಮಗಳ ಸುಮಾರು 22 ಲಕ್ಷ ಕಾರ್ಮಿಕರಿಗೆ ಮಾತ್ರ. ಕಾರ್ಮಿಕ ವಾರಕ್ಕೆ ಎರಡೂವರೆ ಪೆನ್ನಿ ಕಟ್ಟಬೇಕು, ಮಾಲೀಕನೂ ಅಷ್ಟೇ, ಸರ್ಕಾರ ಅದರ ಮೇಲೆ ಒಂದಿಷ್ಟು ಸೇರಿಸುತ್ತೆ. ಕೆಲಸ ಹೋದ್ರೆ ವಾರಕ್ಕೆ 7 ಶಿಲಿಂಗ್, ವರ್ಷಕ್ಕೆ ಹೆಚ್ಚಂದ್ರೆ 15 ವಾರ.

ಈ ಕಾಯ್ದೆ ರೆಡಿ ಆಗ್ತಿದ್ದಾಗ, 1909ರಲ್ಲಿ, ಬೋರ್ಡ್ ಆಫ್ ಟ್ರೇಡ್ ಅನ್ನೋ ವ್ಯಾಪಾರ ಇಲಾಖೆ ನೋಡ್ಕೊಳ್ತಿದ್ದದ್ದು ವಿನ್‌ಸ್ಟನ್ ಚರ್ಚಿಲ್. ಕುಡಿದು ಬಂದದ್ದಕ್ಕೋ ಇನ್ಯಾವುದೋ ತಪ್ಪಿಗೋ ಕೆಲಸ ಕಳ್ಕೊಂಡವನಿಗೂ ದುಡ್ಡು ಕೊಡಬೇಕಾ ಅನ್ನೋ ಚರ್ಚೆ ಬಂದಾಗ, ಕೊಡಬಾರದು ಅಂದ ತನ್ನ ಅಧಿಕಾರಿಗಳಿಗೆ ಚರ್ಚಿಲ್ ಒಂದು ಟಿಪ್ಪಣಿ ಬರೆದ್ರು, ನೀತಿಯನ್ನೂ ಗಣಿತವನ್ನೂ ಕಲಸೋದು ನನಗೆ ಇಷ್ಟ ಇಲ್ಲ ಅಂತ. ಅವರ ವಾದ ಏನಂದ್ರೆ, ಆ ಕಾರ್ಮಿಕ ಕಂತು ಕಟ್ಟಿದ್ದಾನೆ, ಕುಡಿತ, ಮುಂಗೋಪ, ತಲೆಕೆಟ್ಟ ಮಾಲೀಕ, ಹೊಸ ಮೆಷಿನ್, ವ್ಯಾಪಾರ ಬಿದ್ದುಹೋಗಿದ್ದು, ಇವೆಲ್ಲಾ ಕೆಲಸ ಹೋಗೋಕೆ ಇರೋ ರಿಸ್ಕ್‌ಗಳೇ ಅಲ್ವಾ, ನಾವು ನೋಡಬೇಕಾದ್ದು ಕೆಲಸ ಇಲ್ಲ ಅನ್ನೋ ಸಂಗತಿಯನ್ನ, ಕೆಲಸ ಇಲ್ಲದವನ ಗುಣವನ್ನಲ್ಲ. ದುರ್ಬಳಕೆಗೆ ಗಣಿತವೇ ಬೇಲಿ, ಎಷ್ಟು ವಾರ ಕಟ್ಟಿದ್ದೀಯೋ ಅದಕ್ಕೆ ತಕ್ಕಷ್ಟೇ ಸಿಗುತ್ತೆ, ಮತ್ತೆ ಮತ್ತೆ ಕೆಲಸ ಕಳ್ಕೊಂಡ್ರೆ ನಿನ್ನ ಪಾಲೇ ಖಾಲಿ ಆಗುತ್ತೆ. ನನಗಂತೂ ಈ ಇಡೀ ಇತಿಹಾಸದಲ್ಲಿ ಇಷ್ಟು ಸ್ಪಷ್ಟವಾದ ಮಾತು ಇನ್ನೊಂದು ಸಿಕ್ಕಿಲ್ಲ.

ಆದ್ರೆ ಚರ್ಚಿಲ್ ಮಾತು ನಡೀಲಿಲ್ಲ. ಕಾಯ್ದೆ ಬಂದಾಗ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು, ದುರ್ನಡತೆಯಿಂದ ಕೆಲಸ ಹೋದ್ರೆ ಅಥವಾ ನ್ಯಾಯವಾದ ಕಾರಣ ಇಲ್ಲದೆ ತಾನಾಗೇ ಬಿಟ್ರೆ 6 ವಾರ ಭತ್ಯೆ ಇಲ್ಲ. ಗಮನಿಸಿ, ಆರೇ ವಾರ. ಈ ಮಿತಿಯ ಹಿಂದಿನ ತರ್ಕ ತುಂಬಾ ಮುಖ್ಯ. ಬಿಟ್ಟ ಮೊದಲ ಕೆಲವು ವಾರ ನೀನು ಖಾಲಿ ಕೂತಿರೋದು ನಿನ್ನ ನಿರ್ಧಾರದಿಂದ, ಸರಿ, ಆದ್ರೆ ತಿಂಗಳು ಒಂದೂವರೆ ತಿಂಗಳು ಹುಡುಕಿದ್ಮೇಲೂ ಕೆಲಸ ಸಿಕ್ಕಿಲ್ಲ ಅಂದ್ರೆ ಅದು ಮಾರುಕಟ್ಟೆಯ ಸಮಸ್ಯೆ, ನಿನ್ನದಲ್ಲ. ಆ 6 ವಾರ ಬ್ರಿಟನ್‌ನಲ್ಲಿ ಎಷ್ಟೋ ದಶಕ ಹಾಗೇ ಇತ್ತು, ಆಮೇಲೆ ಪ್ರಧಾನಿ ಥ್ಯಾಚರ್ ಕಾಲದಲ್ಲಿ, 1986ರಲ್ಲಿ, 13 ವಾರ ಆಯ್ತು, 1988ರಲ್ಲಿ 26 ವಾರ. ಜರ್ಮನಿಯಲ್ಲಿ ಇವತ್ತಿಗೂ ಸರಿಯಾದ ಕಾರಣ ಇಲ್ಲದೆ ಬಿಟ್ಟವರಿಗೆ ಸಾಮಾನ್ಯವಾಗಿ 12 ವಾರ ತಡೆ. ಅಂದ್ರೆ ಯೂರೋಪಿನ ಈ ಎರಡೂ ಕಡೆ ಬಿಟ್ಟಿದ್ದಕ್ಕೆ ಶಿಕ್ಷೆ ಇದೆ, ಆದ್ರೆ ಅದಕ್ಕೊಂದು ಕೊನೆ ಇದೆ.

ಅಮೆರಿಕದಲ್ಲಿ ಆ ಕೊನೆ ಮಾಯ ಆಯ್ತು, ಅದು ಯಾಕೆ ಅಂತ ನೋಡೋಕೆ ವಿಸ್ಕಾನ್ಸಿನ್ ರಾಜ್ಯಕ್ಕೆ ಹೋಗಬೇಕು.

ಜಾನ್ ಆರ್ ಕಾಮನ್ಸ್ ಅಂತ ಅಲ್ಲಿನ ಯೂನಿವರ್ಸಿಟಿಯಲ್ಲಿ ಒಬ್ಬ ಅರ್ಥಶಾಸ್ತ್ರಜ್ಞ. ಫ್ಯಾಕ್ಟರಿಯಲ್ಲಿ ಅಪಘಾತ ಆದ್ರೆ ಪರಿಹಾರದ ಖರ್ಚು ಮಾಲೀಕನ ಮೇಲೆ ಬೀಳೋ ಹಾಗೆ ಕಾನೂನು ಮಾಡಿದ್ಮೇಲೆ ಮಾಲೀಕರೇ ಮುತುವರ್ಜಿ ವಹಿಸಿ ಅಪಘಾತ ಕಡಿಮೆ ಮಾಡೋಕೆ ಹೊರಟಿದ್ದನ್ನ ಅವರು ನೋಡಿದ್ರು. ನಿರುದ್ಯೋಗಕ್ಕೂ ಅದನ್ನೇ ಮಾಡಿದ್ರೆ ಹೇಗೆ, ಜನರನ್ನ ಕೆಲಸದಿಂದ ತೆಗೆಯೋದು ಮಾಲೀಕನಿಗೆ ದುಬಾರಿ ಆದ್ರೆ ಅವನು ತೆಗೆಯೋಕೆ ಮುಂಚೆ ಯೋಚನೆ ಮಾಡ್ತಾನಲ್ಲ ಅನ್ನೋದು ಅವರ ಆಲೋಚನೆ. 1932ರ ಜನವರಿಯಲ್ಲಿ ಗವರ್ನರ್ ಫಿಲಿಪ್ ಲಾ ಫಾಲೆಟ್ ಸೈನ್ ಹಾಕಿದ ವಿಸ್ಕಾನ್ಸಿನ್ ಕಾನೂನು ಈ ಬುನಾದಿ ಮೇಲೇ ನಿಂತದ್ದು, ಅಮೆರಿಕದಲ್ಲಿ ಇಂಥ ಮೊದಲ ಕಾನೂನು. ಕಾರ್ಮಿಕ ಏನೂ ಕಟ್ಟಬೇಕಿಲ್ಲ, ಪ್ರತಿ ಕಂಪನಿಗೂ ಅದರದ್ದೇ ಖಾತೆ, ಕ್ಲೇಮ್ ಜಾಸ್ತಿ ಆದ್ರೆ ಖಾತೆ ಕರಗುತ್ತೆ. ಮೊದಲ ಚೆಕ್ ಹೋಗಿದ್ದು 1936ರ ಆಗಸ್ಟ್‌ನಲ್ಲಿ, 15 ಡಾಲರ್. ವಿಸ್ಕಾನ್ಸಿನ್ ಕಾನೂನು ಬಂದ ಹೊತ್ತಿಗೇ ಒಹಾಯೊದಲ್ಲಿ ಇನ್ನೊಂದು ಗುಂಪು ಬೇಡ ಹೀಗೆ ಬೇಡ, ಎಲ್ಲರದ್ದೂ ಸೇರಿ ಒಂದೇ ನಿಧಿ ಇರಲಿ, ಕಾರ್ಮಿಕರೂ ಕಟ್ಟಲಿ ಅಂತ ವಾದ ಮಾಡ್ತಿತ್ತು, ಒಂದೇ ನಿಧಿ ಅನ್ನೋದನ್ನ ಆಮೇಲೆ ಬಹುಪಾಲು ರಾಜ್ಯಗಳು ಒಪ್ಕೊಂಡ್ವು, ಆದ್ರೆ ಕಾರ್ಮಿಕರೂ ಕಟ್ಟಲಿ ಅನ್ನೋದಕ್ಕೆ ಹೆಚ್ಚಿನ ಕಡೆ ಗೆಲುವು ಸಿಗಲಿಲ್ಲ.

1935ರ ಆಗಸ್ಟ್ 14ಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಸೋಷಿಯಲ್ ಸೆಕ್ಯುರಿಟಿ ಆಕ್ಟ್‌ಗೆ ಸಹಿ ಹಾಕಿದ್ರು. ಇದರಲ್ಲಿ ನಿರುದ್ಯೋಗದ ಭಾಗ ಒಂದು ಜಾಣ ಏರ್ಪಾಡು, ಕೇಂದ್ರ ಸರ್ಕಾರ ಕಂಪನಿಗಳ ಮೇಲೆ ತೆರಿಗೆ ಹಾಕುತ್ತೆ, ಆದ್ರೆ ರಾಜ್ಯದಲ್ಲಿ ಒಪ್ಪಿಗೆಯಾದ ಕಾನೂನಿದ್ದು ಅಲ್ಲಿ ತೆರಿಗೆ ಕಟ್ಟಿದ್ರೆ ಇಲ್ಲಿ 90 ಪರ್ಸೆಂಟ್‌ವರೆಗೂ ವಿನಾಯಿತಿ. ಯಾವ ರಾಜ್ಯ ತಾನೇ ಬೇಡ ಅನ್ನುತ್ತೆ, 1937ರ ಒಳಗೆ ಎಲ್ಲಾ ರಾಜ್ಯಗಳೂ ಕಾನೂನು ಮಾಡಿದ್ವು. ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ 5–4 ಮತದಲ್ಲಿ ಇದನ್ನ ಎತ್ತಿ ಹಿಡೀತು. ಆದ್ರೆ ಯಾರಿಗೆ ಭತ್ಯೆ, ಯಾರಿಗಿಲ್ಲ ಅನ್ನೋದನ್ನ ಬಹುಪಾಲು ರಾಜ್ಯಗಳಿಗೇ ಬಿಟ್ರು. ಮುಷ್ಕರ ನಡೀತಿರೋ ಜಾಗದ ಕೆಲಸಕ್ಕೆ ಹೋಗಲ್ಲ ಅಂದ್ರೆ ಭತ್ಯೆ ತಡೀಬಾರದು, ಸುತ್ತಮುತ್ತಲಿನದಕ್ಕಿಂತ ತುಂಬಾ ಕಡಿಮೆ ಸಂಬಳದ ಕೆಲಸ ಬೇಡ ಅಂದ್ರೂ ತಡೀಬಾರದು, ಇಂಥ ಕೆಲವು ಷರತ್ತು ಮಾತ್ರ ಕೇಂದ್ರದ್ದು. ತಾನಾಗೇ ಬಿಟ್ಟವರ ಕಥೆ ರಾಜ್ಯಗಳ ಕೈಗೆ ಹೋಯ್ತು.

ಈಗ ವಿಸ್ಕಾನ್ಸಿನ್‌ನ ಆಲೋಚನೆ, ರಾಜ್ಯಗಳಿಗೆ ಸಿಕ್ಕ ಅಧಿಕಾರ, ಈ ಎರಡನ್ನೂ ಜೋಡಿಸಿ ನೋಡಿ. ದುಡ್ಡು ಕಟ್ಟೋದು ಮಾಲೀಕ ಒಬ್ಬನೇ (ಇವತ್ತಿಗೂ ಕಾರ್ಮಿಕರಿಂದ ಕಂತು ತಗೊಳ್ಳೋದು ಅಲಾಸ್ಕಾ, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಮಾತ್ರ), ಕ್ಲೇಮ್ ಹೆಚ್ಚಾದಷ್ಟೂ ಅವನ ತೆರಿಗೆ ದರ ಏರುತ್ತೆ. ಹಾಗಾದ್ರೆ ಅವನು ಕೇಳೋ ಮೊದಲ ಮಾತೇ, ನನ್ನಲ್ಲಿ ಕೆಲಸ ಮಾಡ್ತಿದ್ದ ಹೆಂಗಸು ಗಂಡನ ಜೊತೆ ಬೇರೆ ಊರಿಗೆ ಹೋದ್ರೆ ನಾನ್ಯಾಕೆ ದುಡ್ಡು ಕೊಡಬೇಕು, ನನ್ನ ತಪ್ಪೇನಿದೆ. ಮಾಲೀಕನ ಜಾಗದಲ್ಲಿ ನಿಂತು ನೋಡಿದ್ರೆ ಅದು ನ್ಯಾಯವಾದ ಪ್ರಶ್ನೆಯೇ. ಆದ್ರೆ ಆ ಪ್ರಶ್ನೆಯ ಒತ್ತಡದಿಂದ ವರ್ಷಗಳು ಕಳೆದ ಹಾಗೆ ಒಂದೊಂದೇ ರಾಜ್ಯದ ಕಾನೂನಿಗೆ ಎರಡು ಬದಲಾವಣೆ ಬಂತು. ಮೊದಲು ಸರಿಯಾದ ಕಾರಣ ಇದ್ರೆ ಸಾಕಿತ್ತು, ಆಮೇಲೆ ಆ ಕಾರಣ ಕೆಲಸಕ್ಕೆ ಅಥವಾ ಮಾಲೀಕನಿಗೆ ಸಂಬಂಧಪಟ್ಟಿರಬೇಕು ಅಂತಾಯ್ತು. ಮೊದಲು ಕೆಲವು ವಾರ ತಡೆ ಇತ್ತು, ಆಮೇಲೆ ಆ ನಿರುದ್ಯೋಗ ಮುಗಿಯೋವರೆಗೂ ತಡೆ, ಮತ್ತೆ ಕೆಲಸಕ್ಕೆ ಸೇರಿ ಇಂತಿಷ್ಟು ದುಡಿದ್ಮೇಲೇ ಅರ್ಹತೆ ವಾಪಸ್. ಕ್ಯಾಲಿಫೋರ್ನಿಯಾದಲ್ಲಿ ವಾರದ ಭತ್ಯೆಯ 5 ಪಟ್ಟು ದುಡೀಬೇಕು, ನ್ಯೂಯಾರ್ಕ್‌ನಲ್ಲಿ 10 ಪಟ್ಟು. ಕೆಲಸ ಇಲ್ಲದವರಿಗೆ ಅಂತ ಇರೋ ಭತ್ಯೆ, ಸಿಗಬೇಕಂದ್ರೆ ಮೊದಲು ಕೆಲಸ ಸಿಗಬೇಕು. ನೀತಿಯನ್ನ ಗಣಿತಕ್ಕೆ ಕಲಸೋದು ಬೇಡ ಅಂತ 1909ರಲ್ಲಿ ಚರ್ಚಿಲ್ ಹೇಳಿದ್ದು ಇದಕ್ಕೇ ಅನ್ಸುತ್ತೆ ನನಗೆ, ಇಲ್ಲಂತೂ ಗಣಿತವೇ ನೀತಿ ಹೇಳೋಕೆ ಶುರು ಮಾಡ್ತು.

ಇದರ ಪೆಟ್ಟು ಯಾರಿಗೆ ಬಿತ್ತು ಅನ್ನೋದಕ್ಕೆ 1987ರ ವಿಂಬರ್ಲಿ ಕೇಸ್ ನೋಡಬೇಕು. ಮಿಸೌರಿಯ ಒಬ್ಬ ಹೆಣ್ಣುಮಗಳು ಬಸುರಿಯಾಗಿ ರಜೆ ತಗೊಂಡ್ರು, ಮಗು ಆಗಿ ಒಂದು ತಿಂಗಳಿಗೆ ವಾಪಸ್ ಬಂದ್ರೆ ಜಾಗ ಖಾಲಿ ಇಲ್ಲ ಅಂದ್ರು. ಭತ್ಯೆಗೆ ಹಾಕಿದ್ರೆ ರಾಜ್ಯ ಹೇಳ್ತು, ನೀನು ಬಿಟ್ಟ ಕಾರಣ ಕೆಲಸಕ್ಕಾಗಲಿ ಮಾಲೀಕನಿಗಾಗಲಿ ಸಂಬಂಧಿಸಿದ್ದಲ್ಲ, ಸಿಗಲ್ಲ. ಬಸಿರನ್ನೇ ಕಾರಣ ಮಾಡಿ ಭತ್ಯೆ ನಿರಾಕರಿಸಬಾರದು ಅಂತ 1976ರಲ್ಲೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿತ್ತು ನಿಜ, ಆದ್ರೂ ಸುಪ್ರೀಂ ಕೋರ್ಟ್ ಒಮ್ಮತದಿಂದ ರಾಜ್ಯದ ಪರ ನಿಂತುಬಿಡ್ತು, ಮಿಸೌರಿ ಬಸುರಿಯರನ್ನ ಬೇರೆ ಮಾಡಿ ನೋಡಿಲ್ಲ, ಕೆಲಸಕ್ಕೆ ಸಂಬಂಧ ಇಲ್ಲದ ಕಾರಣಕ್ಕೆ ಬಿಟ್ಟ ಎಲ್ಲರಿಗೂ ಅದೇ ನಿಯಮ ಹಾಕಿದೆ, ಹಾಗಾಗಿ ತಪ್ಪಿಲ್ಲ ಅಂತ. ಕಾಯಿಲೆ ಅಪ್ಪ ಅಮ್ಮನನ್ನ ನೋಡ್ಕೊಳ್ಳೋಕೆ ಬಿಟ್ಟವರೂ, ಹೊಡೆಯೋ ಗಂಡನಿಂದ ತಪ್ಪಿಸಿಕೊಂಡು ಊರೇ ಬಿಟ್ಟವರೂ ಇದೇ ಲೆಕ್ಕಕ್ಕೆ ಸಿಕ್ಕಿಹಾಕ್ಕೊಂಡ್ರು, ಅವರಲ್ಲಿ ಹೆಂಗಸರೇ ಜಾಸ್ತಿ ಅಂತ ಬಿಡಿಸಿ ಹೇಳಬೇಕಿಲ್ಲ.

ಧರ್ಮದ ವಿಷಯದಲ್ಲಿ ಮಾತ್ರ ಬಾಗಿಲು ಬೇರೆ ರೀತಿ ತೆರೀತು. 1963ರ ಶೆರ್ಬರ್ಟ್ ಕೇಸಲ್ಲಿ ಶನಿವಾರ ತನ್ನ ಸಬ್ಬತ್, ಅಂದ್ರೆ ಧರ್ಮದ ಪ್ರಕಾರ ವಿಶ್ರಾಂತಿಯ ದಿನ, ಕೆಲಸ ಮಾಡಲ್ಲ ಅಂದ ಸೌತ್ ಕ್ಯಾರೊಲಿನಾದ ಮಿಲ್ ಕಾರ್ಮಿಕಳಿಗೆ ಭತ್ಯೆ ನಿರಾಕರಿಸಿದ್ದು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟ್ ಹೇಳ್ತು. 1981ರ ಥಾಮಸ್ ಕೇಸ್ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ, ಇಂಡಿಯಾನಾದ ಯೆಹೋವನ ಸಾಕ್ಷಿ ಅನ್ನೋ ಕ್ರೈಸ್ತ ಪಂಥದ ಒಬ್ಬರನ್ನ ಮಿಲಿಟರಿ ಟ್ಯಾಂಕ್‌ನ ಭಾಗ ಮಾಡೋ ವಿಭಾಗಕ್ಕೆ ಹಾಕಿದ್ರು, ಆಯುಧ ಮಾಡೋಕೆ ನನ್ನ ನಂಬಿಕೆ ಒಪ್ಪಲ್ಲ ಅಂತ ಅವರೇ ಕೆಲಸ ಬಿಟ್ರು. ಅವರಿಗೂ ಭತ್ಯೆ ಸಿಗಬೇಕು ಅಂತ 8–1ರಲ್ಲಿ ತೀರ್ಪು ಬಂತು. ಮನಸ್ಸಾಕ್ಷಿಗೆ ಸಿಕ್ಕ ರಕ್ಷಣೆ ಎಳೆ ಮಗುವಿಗೆ ಸಿಗಲಿಲ್ಲ, ಥಾಮಸ್, ವಿಂಬರ್ಲಿ ಈ ಎರಡು ಕೇಸ್ ಪಕ್ಕಪಕ್ಕ ಇಟ್ಟು ಓದಿದಾಗಲೆಲ್ಲಾ ನನಗೆ ಸಂಕಟ ಆಗುತ್ತೆ.

ಆಮೇಲೆ ಸ್ವಲ್ಪ ಸಡಿಲ ಆಗಿದ್ದು 2009ರಲ್ಲಿ. ಆರ್ಥಿಕ ಕುಸಿತದ ಹೊತ್ತಲ್ಲಿ ಬಂದ ರಿಕವರಿ ಆಕ್ಟ್ ರಾಜ್ಯಗಳಿಗೆ 700 ಕೋಟಿ ಡಾಲರ್ ಪ್ರೋತ್ಸಾಹಧನ ಇಟ್ಟಿತ್ತು, ಅದನ್ನ ಪೂರ್ತಿ ಪಡೆಯೋಕೆ ಮಾಡಬಹುದಾಗಿದ್ದ ಸುಧಾರಣೆಗಳಲ್ಲಿ ಒಂದು ಕೌಟುಂಬಿಕ ಕಾರಣಕ್ಕೆ ಬಿಟ್ಟವರಿಗೆ ಭತ್ಯೆ ಕೊಡೋದು, ಅಂದ್ರೆ ಮನೆಯೊಳಗಿನ ಹಿಂಸೆ, ಮನೆಯವರ ಕಾಯಿಲೆ, ಗಂಡ ಅಥವಾ ಹೆಂಡತಿಯ ಕೆಲಸ ಬೇರೆ ಊರಿಗೆ ಹೋಗಿದ್ದು. ಹಲವು ರಾಜ್ಯ ಒಪ್ಕೊಂಡ್ವು. ಮಾಲೀಕನ ಪ್ರಶ್ನೆಗೂ ಒಂದು ಉತ್ತರ ಇದೆ, ಇಂಥ ಕ್ಲೇಮ್‌ಗಳನ್ನ ಆ ಕಂಪನಿಯ ಖಾತೆಗೆ ಹಾಕದೆ ಸಾಮಾನ್ಯ ನಿಧಿಯಿಂದ ಕೊಡೋದು, ಎಷ್ಟೋ ರಾಜ್ಯಗಳಲ್ಲಿ ಈ ಕ್ರಮ ಇದೆ. ಇದನ್ನ ಎಲ್ಲಾ ಕಡೆ ಮಾಡಿದ್ರೆ ಅರ್ಧ ಜಗಳ ಮುಗಿಯುತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕೋವಿಡ್ ಬಂದಾಗ 2020ರ ಮಾರ್ಚ್‌ನ ಕೇರ್ಸ್ ಆಕ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೋವಿಡ್‌ನ ನೇರ ಪರಿಣಾಮವಾಗಿ ಕೆಲಸ ಬಿಡಬೇಕಾಗಿ ಬಂದವರನ್ನೂ ವಿಶೇಷ ಯೋಜನೆಗೆ ಸೇರಿಸ್ತು. ಅದು 2021ರ ಸೆಪ್ಟೆಂಬರ್‌ಗೆ ಮುಗೀತು. ಅದೇ ವರ್ಷ ಫ್ಲಾರಿಡಾ, ಅಯೋವಾ, ಟೆನ್ನೆಸ್ಸಿ, ಕಾನ್ಸಸ್ ರಾಜ್ಯಗಳು ವ್ಯಾಕ್ಸಿನ್ ಬೇಡ ಅಂದು ಕೆಲಸ ಕಳ್ಕೊಂಡವರಿಗೆ ಭತ್ಯೆ ಸಿಗೋ ಹಾಗೆ ಕಾನೂನು ತಿದ್ದಿದ್ವು. ಅಂದ್ರೆ ಸರಿಯಾದ ಕಾರಣ ಅನ್ನೋದು ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ, ಶಾಸನಸಭೆಗೆ ಮನಸ್ಸಿದ್ರೆ ವಾರಗಳಲ್ಲೇ ಬದಲಾಗುತ್ತೆ.

ಇವತ್ತಿನ ಸ್ಥಿತಿಗೆ ಬಂದ್ರೆ, ಕಾರಣ ಒಪ್ಪೋಕೆ ಮುಂಚೆ ಸಂಬಳದ ಲೆಕ್ಕ ಇದೆ, ಸಾಮಾನ್ಯವಾಗಿ ಮುಗಿದ ಕೊನೆಯ ಐದು ತ್ರೈಮಾಸಿಕಗಳಲ್ಲಿ ಮೊದಲ ನಾಲ್ಕರ ಗಳಿಕೆ ನೋಡ್ತಾರೆ. ಕೆಲಸ ಮಾಡೋ ಶಕ್ತಿ ಇರಬೇಕು, ಸಿಕ್ಕರೆ ಸೇರೋಕೆ ರೆಡಿ ಇರಬೇಕು, ಹುಡುಕ್ತಾ ಇರಬೇಕು. ಸಂಬಳ ಕೊಡದಿರೋದು, ಸಂಬಳ ಅಥವಾ ಅವರ್ಸ್ ತೀರಾ ಕಡಿಮೆ ಮಾಡಿದ್ದು, ಸುರಕ್ಷತೆ ಇಲ್ಲದ ಜಾಗ, ಲೈಂಗಿಕ ಕಿರುಕುಳ, ಇವು ಸಾಮಾನ್ಯವಾಗಿ ಬಿಡೋಕೆ ಸರಿಯಾದ ಕಾರಣ ಅಂತ ಒಪ್ಪಿತ ಆಗಿರೋವು. ಬೋರ್ ಆಯ್ತು, ಬಾಸ್ ಜೊತೆ ಸರಿ ಹೋಗ್ಲಿಲ್ಲ ಅನ್ನೋದು ನಡಿಯಲ್ಲ. ರಿಸೈನ್ ಮಾಡು ಇಲ್ಲಾಂದ್ರೆ ತೆಗೀತೀವಿ ಅಂದಿದ್ದು ನಿಜ ಆದ್ರೆ ಹಲವು ರಾಜ್ಯ ಅದನ್ನ ಬಿಟ್ಟಿದ್ದು ಅಂತ ನೋಡಲ್ಲ, ತೆಗೆದಿದ್ದು ಅಂತಲೇ ನೋಡ್ತವೆ, ಹಾಗಾಗಿ ಆ ಮಾತು ಬರಹದಲ್ಲಿ ಇರೋದು ಎಷ್ಟು ಮುಖ್ಯ ಅಂತ ಯೋಚನೆ ಮಾಡಿ.

ತಿರಸ್ಕಾರದ ಲೆಟರ್ ಬಂದ್ರೆ ಅಪೀಲ್ ಇದೆ, ಟೈಮ್ ಮಾತ್ರ ತುಂಬಾ ಕಡಿಮೆ, ಕ್ಯಾಲಿಫೋರ್ನಿಯಾದಲ್ಲಿ 30 ದಿನ, ಕೆಲವು ರಾಜ್ಯಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ವಿಚಾರಣೆ ಎಷ್ಟೋ ಸಲ ಫೋನಲ್ಲೇ ನಡೆಯುತ್ತೆ, ಒಂದು ಕಡೆ ನೀವು, ಇನ್ನೊಂದು ಕಡೆ ಕಂಪನಿಯವರು, ಮಧ್ಯದಲ್ಲಿ ತೀರ್ಮಾನ ಮಾಡೋ ಅಧಿಕಾರಿ. ಅಲ್ಲಿ ಸಾಮಾನ್ಯವಾಗಿ ಕೇಳೋ ಪ್ರಶ್ನೆ, ಬಿಡೋಕೆ ಮುಂಚೆ ಈ ಸಮಸ್ಯೆಯನ್ನ ಯಾರಿಗೆ ಹೇಳಿದ್ರಿ, ಯಾವತ್ತು ಹೇಳಿದ್ರಿ, ಸರಿ ಮಾಡೋಕೆ ಅವರಿಗೆ ಅವಕಾಶ ಕೊಟ್ರಾ. ತಾರೀಖು ಹಾಕಿ ಕಳಿಸಿದ ಒಂದು ಈಮೇಲ್ ಇದ್ರೂ ಆ ಹೊತ್ತಲ್ಲಿ ಉತ್ತರ ಇರುತ್ತೆ.