ಮಕ್ಕಳ ಲೆಕ್ಕದ ಅನುದಾನ, ಸೋರುವ ಹಂಚಿನ ಮಾಡು

ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರುವ ಶಾಲಾನುದಾನವನ್ನು ಸಮಗ್ರ ಶಿಕ್ಷಣ ಯೋಜನೆ ಮಕ್ಕಳ ಸಂಖ್ಯೆ ನೋಡಿ ಕೊಡುತ್ತದೆ. 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಾದರೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. ಒಂದನೇ ತರಗತಿಗೆ ಒಂದು ಮಗು ಕಡಿಮೆ ಸೇರಿ ಸಂಖ್ಯೆ 31ರಿಂದ 30ಕ್ಕೆ ಇಳಿದರೆ 15,000 ರೂಪಾಯಿ ಹೋಯಿತು.

ತಲಾವಾರು ಭಾಗಿಸಿದರೆ ಸಣ್ಣ ಶಾಲೆಗೇ ಲಾಭ ಎನ್ನುವವರಿದ್ದಾರೆ. 20 ಮಕ್ಕಳಿದ್ದಲ್ಲಿ ತಲೆಗೆ 500 ರೂಪಾಯಿ, 250 ಇದ್ದಲ್ಲಿ 200. ಲೆಕ್ಕವೇನೋ ಸರಿ. ಆದರೆ ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ, ಯಲ್ಲಾಪುರ, ಸಿದ್ದಾಪುರದ ಕಾಡಂಚಿನ ಶಾಲೆಯ ಖರ್ಚು ಮಕ್ಕಳ ತಲೆಯ ಮೇಲೆ ನಿಂತಿಲ್ಲ, ಮಾಡಿನ ಮೇಲೆ ನಿಂತಿದೆ. ಮಂಗ ಹಾರಿ ಹಂಚು ಒಡೆಯುತ್ತದೆ, ಆ ಬಿರುಕಿನಿಂದ ಇಳಿದ ನೀರು ಹಂಚು ಹೊತ್ತ ಮರದ ಪಟ್ಟಿಯನ್ನು, ಅಂದರೆ ರೀಪನ್ನು, ಕೊಳೆಸುತ್ತದೆ, ರೀಪು ಕುಸಿದರೆ ಪಕ್ಕದ ಸಾಲೂ ಜಾರುತ್ತದೆ. ಐದು ಮಕ್ಕಳಿರಲಿ, ಐವತ್ತಿರಲಿ, ಹಂಚು ಹೊದಿಸುವವರ ಕೂಲಿ, ಸಾಗಾಟದ ಬಾಡಿಗೆ ಒಂದೇ.

ಈ ಜಿಲ್ಲೆಯಲ್ಲಿ ಅಸಮಾನತೆ ಹಳೆಯದು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆ ಸ್ಥಳೀಯ ಕರ ಎತ್ತಿ, ಅದರ ಮೂರನೇ ಒಂದು ಪಾಲನ್ನು ಶಾಲೆಗಳಿಗೆ ಇಡುತ್ತಿದ್ದರು. ಕಂದಾಯ ಹುಟ್ಟುವುದು ಗದ್ದೆ ತೋಟದಿಂದ. ಬಹುಭಾಗ ಕಾಡೇ ಇರುವ ಘಟ್ಟದ ಸೀಮೆಯಲ್ಲಿ ಅಂಥ ಕರ ಎಷ್ಟು ಹುಟ್ಟೀತು? ಬ್ರಿಟಿಷ್ ಆಡಳಿತದ ಶಿಕ್ಷಣ ನೀತಿಯಾದ 1854ರ ವುಡ್ ವರದಿ ತಂದ ಸಹಾಯಧನ ಪದ್ಧತಿಯೂ ಊರವರು ಮೊದಲು ದುಡ್ಡು ಹಾಕಿದಲ್ಲಿಗೇ ಒಲಿಯುತ್ತಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಈ ಹಳೆಯ ಲೆಕ್ಕ ಹಿಂದೆ ಸರಿಯಿತು.

2001ರ ಸುಮಾರಿಗೆ ಬಂದ ಸರ್ವ ಶಿಕ್ಷಾ ಅಭಿಯಾನದ ಸೂತ್ರ ಒಂದು ವಿಷಯದಲ್ಲಿ ಇಂದಿನದಕ್ಕಿಂತ ನ್ಯಾಯವಾಗಿತ್ತು. ದುರಸ್ತಿಯ ಹಣವನ್ನು ಅದು ಕೋಣೆ ನೋಡಿ ಕೊಡುತ್ತಿತ್ತು: ನಂತರದ ವರ್ಷಗಳ ದರದಂತೆ ಮೂರು ಕೋಣೆಯವರೆಗೆ 5,000, ಹೆಚ್ಚಿದ್ದರೆ 10,000ದವರೆಗೆ. ಶಾಲಾನುದಾನ ಬೇರೆ, ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 7,000, ಎರಡೂ ಹಂತ ಇದ್ದಲ್ಲಿ ಎರಡೂ. ಏಳನೆಯವರೆಗಿನ, ನಾಲ್ಕು ಕೋಣೆಯ, 25 ಮಕ್ಕಳ ಶಾಲೆಗೆ ಹೀಗೆ 22,000 ರೂಪಾಯಿವರೆಗೆ ದಕ್ಕುತ್ತಿತ್ತು. 2018ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಮಕ್ಕಳ ಸಂಖ್ಯೆಗೆ ಕಟ್ಟಿದರು. ಈಗ ಅದೇ ಶಾಲೆಗೆ 10,000. ಇಷ್ಟು ವರ್ಷದಲ್ಲಿ ಹಂಚು, ಮರ, ಕೂಲಿ ಎಲ್ಲದರ ದರ ಏರಿದೆ, ಸಿಗುವ ಮೊತ್ತ ಅರ್ಧಕ್ಕೂ ಕೆಳಗಿಳಿದಿದೆ. ಕೋಣೆಗಿಷ್ಟು ಎಂದು ಮೊದಲು ತೆಗೆದಿಟ್ಟು, ಉಳಿದದ್ದನ್ನು ಮಕ್ಕಳ ಸಂಖ್ಯೆಯಂತೆ ಹಂಚುವುದೇ ಸರಿಯಾದ ದಾರಿ.

ಹಣ ಬರುವ ಹೊತ್ತೂ ತೊಡಕಿನದೇ. ಕೇಂದ್ರ ಶೇ 60, ರಾಜ್ಯ ಶೇ 40 ಪಾಲು ಹಾಕಿ ಕಂತಿನಲ್ಲಿ ಬಿಡುಗಡೆಯಾಗಬೇಕು, ಹಣಕಾಸು ವರ್ಷ ಏಪ್ರಿಲ್‌ಗೆ ಶುರು. ಕರಾವಳಿಯಲ್ಲಿ ಮಾಡಿನ ಕೆಲಸ ಮೇ ತಿಂಗಳೊಳಗೆ ಮುಗಿಯದಿದ್ದರೆ ಜೂನ್ ಮಳೆಗೆ ಯಾರೂ ಮಾಡು ಹತ್ತುವುದಿಲ್ಲ. ಮಾರ್ಚ್ 31ರೊಳಗೆ ಖರ್ಚಾಗದ ಮೊತ್ತವೂ ಶಾಲೆಯ ಕೈಯಲ್ಲಿ ಉಳಿಯುವುದಿಲ್ಲ.

ದೊಡ್ಡ ದುರಸ್ತಿಗೆ ಬೇರೆ ಬಾಗಿಲು ತಟ್ಟಬೇಕು. ಅದಕ್ಕೆ ಬುನಾದಿ ಯು-ಡೈಸ್ ನಮೂದು, ಅಂದರೆ ಪ್ರತಿ ಶಾಲೆ ವರ್ಷವರ್ಷ ತುಂಬುವ ಸರ್ಕಾರಿ ಮಾಹಿತಿ ದಾಖಲೆ. ಕೋಣೆಗಳನ್ನು ಸುಸ್ಥಿತಿ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ ಎಂದು ವಿಂಗಡಿಸಿ ತುಂಬುವಾಗ ಹೋದ ವರ್ಷದ್ದನ್ನೇ ನಕಲು ಮಾಡಿದರೆ ಸೋರುವ ಕೋಣೆಯೂ ಸುಸ್ಥಿತಿಯದ್ದಾಗಿ ಉಳಿಯುತ್ತದೆ, ಬೇಡಿಕೆ ವಾರ್ಷಿಕ ಯೋಜನೆಗೆ ಏರುವುದೇ ಇಲ್ಲ. ನಮೂದು ಅಂತಿಮವಾಗುವ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮುಖ್ಯ ಶಿಕ್ಷಕರ ಜೊತೆ ಕೋಣೆ ಕೋಣೆ ನೋಡಿ, ಫೋಟೊ ತೆಗೆದು, ಸಭೆಯ ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.