ಗೋಡೆ ಹಾಕಿದರಷ್ಟೇ ಒಂದು ಮನೆ ನಾಲ್ಕಾಗದು

ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಹಳೆ ಮನೆ. ಶಹಾಬಾದ್ ಕಲ್ಲಿನ ಗೋಡೆ, ನಡುವೆ ಅಂಗಳ. ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಮಾಲೀಕರು ಅದನ್ನು ನಾಲ್ಕು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ನನ್ನನ್ನು ಕರೆಸಿ, "ಇಂಜಿನಿಯರ್ ಸಾಹೇಬ್ರ, ಗ್ವಾಡಿ ಹಾಕೀನಿ, ಬಾಗಲಾ ಇಟ್ಟೀನಿ. ಇನ್ನೇನ್ ಬೇಕ್ರಿ?" ಅಂದರು.

ನಾನು ಅಂಗಳ ನೋಡಿದೆ. ಅದರ ಮೇಲೂ ತಗಡು ಹೊದಿಸಿ ಒಂದು ಕೋಣೆ ಮಾಡಿದ್ದರು. ಸುತ್ತಲಿನ ಮೂರು ಮನೆಗಳ ಕಿಟಕಿ ಈಗ ಇನ್ನೊಬ್ಬರ ಮನೆಯೊಳಗೆ ತೆರೆಯುತ್ತಿದ್ದವು. ಅಂಥ ಕಿಟಕಿ ಲೆಕ್ಕಕ್ಕೆ ಬರುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ, ನಮ್ಮಂಥ ಒಣ ಬಿಸಿಲಿನ ಊರಲ್ಲಿ ಕಿಟಕಿ, ಗಾಳಿಕಿಂಡಿ ಸೇರಿ ನೆಲದ ಹತ್ತನೇ ಒಂದು ಭಾಗವಾದರೂ ಇರಬೇಕು. ಬಾಗಿಲು ಬಿಟ್ಟು. ಅದು ಹೊರಗೆ ಇಲ್ಲವೇ ತೆರೆದ ಪಡಸಾಲೆಗೆ ತೆರೆಯಬೇಕು. ಒಂದೇ ಕೋಣೆಯ ಮನೆಯಾದರೆ ಆ ಕೋಣೆ ಕನಿಷ್ಠ 9.5 ಚದರ ಮೀಟರ್, ಅಗಲ 2.4 ಮೀಟರ್. ಮೇ ತಿಂಗಳ ನಮ್ಮ ಬಿಸಿಲಿಗೆ ತಗಡಿನ ಕೆಳಗೆ ಕೂಸನ್ನು ಮಲಗಿಸೋಕೆ ಆಗುತ್ತಾ? ತಗಡು ತೆಗೆಸಿ ಅಂತ ಕೈಮುಗಿದು ಕೇಳಿದೆ. ಒಂದು ಬಾಡಿಗೆ ಹೋಗುತ್ತೆ, ಉಳಿದ ಮೂರು ಮನೆಗೆ ಉಸಿರು ಬರುತ್ತೆ.

ಇನ್ನು ಕರೆಂಟು. ಎಲ್ಲರಿಗೂ ಒಂದೇ ಮೀಟರ್. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮೀಟರಿನ ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಎಲ್ಲರ ಫ್ಯಾನು, ಕೂಲರು ಸೇರಿದರೆ ದಾಟದೇ ಇರುತ್ತಾ? ಬಾಡಿಗೆದಾರರಿಗೂ ಸಿಗುವ ಸವಲತ್ತು ಸುಮ್ನೆ ಕೈತಪ್ಪುತ್ತೆ. ಪ್ರತಿ ಮನೆಗೂ ಕರೆಂಟ್ ಕಂಪನಿ ಜೆಸ್ಕಾಂನಿಂದ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ ಪಡೆಯಿರಿ. ಹಾಗೆಯೇ ಹಳೆ ವೈರಿಂಗ್ ಬದಲಿಸಿ, ಸರಿಯಾದ ಅರ್ತಿಂಗ್ ಕೊಟ್ಟು, ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ನಮ್ಮಲ್ಲಿ ಕಬ್ಬಿಣದ ಕೂಲರ್ ಜಾಸ್ತಿ. ನೀರು ತುಂಬಿಸುವಾಗ ಹೊಡೆಯುವ ಶಾಕ್ ಜೀವ ತೆಗೆಯುತ್ತೆ.

ಇನ್ನು ಕಾಗದಪತ್ರ. ಒಂದೇ ಮನೆಗೆ ಮಂಜೂರಾದ ನಕ್ಷೆ ಇದ್ದರೆ, ಈಗಿನ ಸ್ಥಿತಿಯ ನಕ್ಷೆ ಬರೆಸಿ ಮಹಾನಗರ ಪಾಲಿಕೆಗೆ ಕೊಟ್ಟು ಒಪ್ಪಿಗೆ ಪಡೆಯಿರಿ. ಬಾಡಿಗೆ ಕರಾರು ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, 1908ರ ನೋಂದಣಿ ಕಾಯ್ದೆಯಂತೆ. ಎಲ್ಲರೂ 11 ತಿಂಗಳು ಬರೆಸೋದು ಅದಕ್ಕೇ.

ಹೋದ ಬಾಡಿಗೆಗೆ ಬದಲಾಗಿ ಮಾಳಿಗೆ ಮೇಲೆ ಎರಡು ಕೋಣೆ ಕಟ್ಟೋಣ ಅಂದರು ಮಾಲೀಕರು. ಕೆಳಗಿರೋದು ಎರೆ ಮಣ್ಣು. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ಪಾಯದ ಪಕ್ಕ ಗುಂಡಿ ತೋಡಿಸಿ, ಪಾಯ ಎಷ್ಟು ಆಳ ಇದೆ ಅಂತ ನೋಡುವವರೆಗೆ ಆ ನಕ್ಷೆಗೆ ನಾನು ಸಹಿ ಹಾಕುವುದಿಲ್ಲ ಅಂದೆ.